ಗುರುವಾರದ ಸಾಲು

“ಮೇಲಿನ ಸಾಲು ಬಿಡಮ್ಮ. ಅದನ್ನ ಪೊಲೀಸರು ಓದಿದ್ದಾರೆ, ನಿಮ್ಮ ನೆಂಟರೆಲ್ಲ ಓದಿದ್ದಾರೆ. ಅದರ ಕೆಳಗಿರೋದು ಓದು,” ಎಂದರು ಜರಡಿಯಮ್ಮ.

ನರ್ಸ್ ಫೋನಿನ ಪರದೆಯನ್ನು ಬೆರಳಿನಿಂದ ಸರಿಸಿದಳು. ಪಾಳಿ ಮುಗಿಸಿ ಬಂದವಳು ಇನ್ನೂ ಬಟ್ಟೆ ಬದಲಾಯಿಸಿರಲಿಲ್ಲ. ಕಣ್ಣಾಸ್ಪತ್ರೆಯ ಗುರುತಿನ ಬಿಲ್ಲೆ ಎದೆಯ ಮೇಲೆ ವಾಲಿಕೊಂಡೇ ಇತ್ತು. ಊಟದ ಮೇಜಿನ ಮೇಲೆ ಎರಡು ತಟ್ಟೆಗಳನ್ನು ಮಗುಚಿಟ್ಟಿದ್ದಳು. ಒಂದು ಅವಳದು. ಇನ್ನೊಂದನ್ನು ಒಳಗಿಡಲು ಅವಳಿಗೆ ಮನಸ್ಸಾಗಿರಲಿಲ್ಲ.

ಲಿಫ್ಟ್ ಕಾರ್ಖಾನೆಯಲ್ಲಿ ಬ್ರೇಕ್ ಪರೀಕ್ಷಿಸುವ ಅವಳ ಗಂಡ, ಎಲ್ಲರ ಬಾಯಲ್ಲಿ ‘ಬ್ರೇಕಣ್ಣ’, ಒಂದು ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋದವನು ಹಿಂದಿರುಗಿರಲಿಲ್ಲ. ಅವನೇ ರಾಜೀನಾಮೆ ಕೊಟ್ಟು ಎಲ್ಲೋ ಹೋದ ಎಂದಿತು ಕಾರ್ಖಾನೆ. ಅದನ್ನು ನಂಬಿದ ಪೊಲೀಸರು ಫೈಲು ಮುಚ್ಚಿ ಎರಡು ವಾರವಾಗಿತ್ತು.

“ಕೆಳಗಿನದ್ರಲ್ಲಿ ಏನೂ ಇಲ್ಲಮ್ಮ,” ಎಂದಳು ನರ್ಸ್. “ಗುರುವಾರದಿಂದ ಜಾರಿ, ಮಾಹಿತಿ ಬದಲಾವಣೆ ಅಂತಿದೆ. ಹುದ್ದೆ ಅದೇ, ವಿಭಾಗ ಅದೇ. ಎಲ್ಲಾ ಹಾಗೇ ಇದೆ.”

“ಎಲ್ಲಾ ಹಾಗೇ ಇದ್ರೆ ಬದಲಾಗಿದ್ದು ಏನು?”

ಫೋನು ಬ್ರೇಕಣ್ಣನದು. ಹೋಗುವ ದಿನ ಅವನು ಅದನ್ನು ಮನೆಯಲ್ಲೇ ಬಿಟ್ಟಿದ್ದ. ಅದರಲ್ಲಿ ಕಾರ್ಖಾನೆಯ ಸಿಬ್ಬಂದಿ ಸಾಫ್ಟ್‌ವೇರ್ ಇತ್ತು. ಕೆಲಸ ಬಿಟ್ಟವರಿಗೂ ತಮ್ಮ ಸೇವಾ ಇತಿಹಾಸ ನೋಡಿಕೊಳ್ಳಲು ಕೆಲವು ತಿಂಗಳು ಅವಕಾಶ ಕೊಡುತ್ತಾರೆ. ಸೇರಿದ್ದಕ್ಕೆ ಒಂದು ಸಾಲು, ಬಡ್ತಿಗೊಂದು, ವಿಭಾಗ ಬದಲಾದದ್ದಕ್ಕೊಂದು. ಹೊಸದು ಮೇಲೆ, ಹಳೆಯದು ಕೆಳಗೆ. ಎಲ್ಲಕ್ಕಿಂತ ಮೇಲೆ ಶುಕ್ರವಾರದ ರಾಜೀನಾಮೆ.

ಜರಡಿಯಮ್ಮ ಕನ್ನಡಕವನ್ನು ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದರು. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಕಾಣೆಯಾದವರನ್ನು ಹುಡುಕುವುದನ್ನೇ ಅವರು ಕಸುಬು ಮಾಡಿಕೊಂಡಿದ್ದರು. ಆ ಅಡ್ಡಹೆಸರು ಕೊಟ್ಟವರು ಕಾರ್ಖಾನೆಗಳ ಮಾಲೀಕರು. ಜರಡಿಯಮ್ಮನ ಕೈಗೆ ಸಿಕ್ಕ ಮಾತು ಕಲ್ಲು ಬೇರೆ, ಕಾಳು ಬೇರೆ ಆಗದೆ ಹೊರಗೆ ಬರುತ್ತಿರಲಿಲ್ಲ.

“ಮೇಲಧಿಕಾರಿಯ ಸಂಖ್ಯೆ ನೋಡು,” ಎಂದರು. “ಹಳೇ ಸಾಲಲ್ಲಿ ಒಂದು, ಗುರುವಾರದ ಸಾಲಲ್ಲಿ ಇನ್ನೊಂದು. ನಿನ್ನ ಗಂಡನ ಸಾಹೇಬರನ್ನ ಯಾರೋ ಬದಲಾಯಿಸಿದ್ದಾರೆ.”

“ಅದರಲ್ಲೇನಿದೆ ಅತ್ತಿಗೆ?” ಎಂದ ಕಿಟಕಿಯ ಬಳಿ ನಿಂತಿದ್ದ ಜರಡಿಯಮ್ಮನ ಮೈದುನ. ಬಾಡಿಗೆ ಕಾರು ಓಡಿಸುವ ಅವನು ಅತ್ತಿಗೆಯ ಸವಾರಿಗೂ ಸಾರಥಿ. “ಸಾಹೇಬರು ಬದಲಾಗ್ತಾನೇ ಇರ್ತಾರೆ. ಬೈಗುಳ ಬದಲಾಗಲ್ಲ.”

“ಶುಕ್ರವಾರ ಕೆಲಸ ಬಿಟ್ಟು ಹೋಗೋನಿಗೆ ಗುರುವಾರ ಹೊಸ ಸಾಹೇಬರು ಯಾಕಪ್ಪ? ನಾಳೆ ಕೆಡವೋ ಮನೆಗೆ ಇವತ್ತು ಯಾರಾದ್ರೂ ಹೊಸ ಬಾಗಿಲು ಕೂರಿಸ್ತಾರಾ?”

ಮೈದುನ ಕಿಟಕಿ ಬಿಟ್ಟು ಮೇಜಿನ ಬಳಿಗೆ ಬಂದ.

“ಈ ಸಾಲು ಬರೆದವರಿಗೆ ಅವನು ಕೆಲಸ ಬಿಡೋ ವಿಷಯ ಗೊತ್ತಿರಲಿಲ್ಲ,” ಎಂದು ಜರಡಿಯಮ್ಮ ನಿಧಾನವಾಗಿ ಹೇಳಿದರು. “ಅವನನ್ನ ಎಲ್ಲಿಗೋ ಕಳಿಸೋ ತಯಾರಿ ಇದು. ಕಳಿಸೋ ತಯಾರಿ ಅಂದ್ರೆ ಅಲ್ಲಿ ಅವನು ಇರ್ತಾನೆ ಅನ್ನೋ ಲೆಕ್ಕ.”

ನರ್ಸ್ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು. ಇಷ್ಟು ದಿನ ಯಾರೂ ಅವಳ ಗಂಡನ ಬಗ್ಗೆ ‘ಇರ್ತಾನೆ’ ಎಂದು ಹೇಳಿರಲಿಲ್ಲ.

“ಆದ್ರೆ ಅಣ್ಣ ತನ್ನ ಕಣ್ಣಾರೆ ನೋಡಿದ್ದೀನಿ ಅಂದ,” ಎಂದಳು. “ಇವರು ಶುಕ್ರವಾರ ಅಣ್ಣನ ಎದುರಿಗೇ ಇದೇ ಫೋನಿನಲ್ಲಿ ರಾಜೀನಾಮೆಯ ಗುಂಡಿ ಒತ್ತಿದ್ರಂತೆ.”

ಅವಳ ಅಣ್ಣ ಅದೇ ಕಾರ್ಖಾನೆಯ ರವಾನೆ ವಿಭಾಗದ ಮೇಲ್ವಿಚಾರಕ. ಪೊಲೀಸರ ಮುಂದೆ ಸಾಕ್ಷಿ ಹೇಳಿದವನು ಅವನೊಬ್ಬನೇ.

“ಶುಕ್ರವಾರ ಈ ಫೋನು ಎಲ್ಲಿತ್ತು?”

ನರ್ಸಿನ ಕಣ್ಣು ಮಲಗುವ ಕೋಣೆಯ ಕಡೆ ಹೋಯಿತು. ಆ ದಿನವಿಡೀ ಫೋನು ದಿಂಬಿನ ಕೆಳಗೆ ಇದ್ದದ್ದು ಅವಳಿಗೇ ಗೊತ್ತಿತ್ತು. ಗೊತ್ತಿದ್ದೂ, ಒಡಹುಟ್ಟಿದವನ ಮಾತಿನ ಪಕ್ಕ ಅದನ್ನು ಇಟ್ಟು ನೋಡುವ ಧೈರ್ಯ ಅವಳಿಗೆ ಬಂದಿರಲಿಲ್ಲ.

“ಅಣ್ಣ ಕೆಟ್ಟವನಲ್ಲಮ್ಮ. ಬೆಳಿಗ್ಗೆ ಕೂಡ ಫೋನ್ ಮಾಡಿದ್ದ. ಏನಾದ್ರೂ ತಿಂದ್ಯಾ ಅಂತ ಕೇಳಿದ. ಬಿಟ್ಟು ಹೋದವರನ್ನ ನೆನೆಸ್ಕೊಂಡು ಕೊರಗಬೇಡ ಅಂದ.”

“ಕೆಟ್ಟವನು ಅಂತ ನಾನೆಲ್ಲಿ ಅಂದೆ? ಕಾಳು ಸೋಸೋ ಮುಂಚೆ ಹೊರಗೆ ಎಸೆಯೋ ಅಭ್ಯಾಸ ನನಗಿಲ್ಲ. ಗುರುವಾರ ಸಂಜೆ ನಿನ್ನ ಗಂಡ ಮನೆಗೆ ಬಂದಾಗ ಹೇಗಿದ್ದ, ಅದು ಹೇಳು.”

“ಅಂಗೈ ಸುಲಿದಿತ್ತು. ಎರಡೂ ಕೈ. ಎಡವಿ ಬಿದ್ದೆ ಅಂದ್ರು. ನಾನೇ ತೊಳೆದು ಪಟ್ಟಿ ಕಟ್ಟಿದೆ.” ಅವಳು ತನ್ನ ಅಂಗೈಯ ಮೇಲೆ ಅಡ್ಡಲಾಗಿ ಗೆರೆ ಎಳೆದು ತೋರಿಸಿದಳು. “ಬಿದ್ದ ಗಾಯ ಮಣ್ಣು ಮೆತ್ತಿಕೊಂಡು ತರಚಿರುತ್ತೆ. ಇದು ಹಾಗಿರಲಿಲ್ಲ. ಸುಟ್ಟ ಹಾಗೆ ಅಡ್ಡಕ್ಕೆ ಪಟ್ಟೆಯಾಗಿತ್ತು. ಗ್ರೀಸು ಅಂಟಿತ್ತು. ಉಕ್ಕಿನ ಹಗ್ಗ ಹಿಡಿದು ಜಾರಿದ್ರೆ ಹಾಗಾಗುತ್ತೆ. ಕೇಳಿದ್ದಕ್ಕೆ, ನೀನು ಕಣ್ಣಿನ ನರ್ಸು, ಕೈಗೆ ಯಾಕೆ ಬರ್ತೀಯ ಅಂತ ನಗಿಸಿಬಿಟ್ರು.”

ಜರಡಿಯಮ್ಮ ಎದ್ದರು.

“ಮುಖ ತೊಳ್ಕೊಂಡು ಬಾಮ್ಮ. ಗಂಡನ ಸೇವಾ ಪ್ರಮಾಣಪತ್ರ ಕೇಳೋ ಹಕ್ಕು ಹೆಂಡತಿಗಿದೆ. ಕೇಳೋಣ ನಡಿ.”

*

ಕಾರ್ಖಾನೆಯ ಅಂಗಳದಲ್ಲಿ ಪರೀಕ್ಷಾ ಗೋಪುರ ಕಿಟಕಿಯಿಲ್ಲದೆ ನೆಟ್ಟಗೆ ನಿಂತಿತ್ತು. ಹೊಸ ಲಿಫ್ಟುಗಳನ್ನು ಅದರೊಳಗೆ ಮೇಲೆ ಕೆಳಗೆ ಓಡಿಸಿ, ಬೇಕೆಂದೇ ಬೀಳಿಸಿ, ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡುತ್ತಾರೆ. ಬ್ರೇಕಣ್ಣನ ದುಡಿಮೆಯೆಲ್ಲ ಆ ಗೋಪುರದಲ್ಲೇ ನಡೆದಿತ್ತು. ನರ್ಸ್ ಅದರ ಕಡೆ ನೋಡದೆ ಬೇಗ ಬೇಗ ಹೆಜ್ಜೆ ಹಾಕಿದಳು.

“ಎಚ್‌ಆರ್ ಮೇಡಂಗೆ ಇಲ್ಲಿ ಬೀಗ ಮೇಡಂ ಅಂತಾರಂತೆ,” ಎಂದು ಮೈದುನ ಮೆಟ್ಟಿಲು ಹತ್ತುತ್ತಾ ಪಿಸುಗುಟ್ಟಿದ. ಗೇಟಿನ ಕಾವಲುಗಾರನ ಜೊತೆ ಅವನು ಆಗಲೇ ಸ್ನೇಹ ಬೆಳೆಸಿದ್ದ. “ಬಾಯಿ ಬಿಟ್ಟಿದ್ದನ್ನ ಕಂಡವರೇ ಇಲ್ವಂತೆ.”

“ಬೀಗ ಅಂದ ಮೇಲೆ ಕೀಲಿ ಇರುತ್ತಪ್ಪ.”

ಬೀಗ ಮೇಡಂ ನಲವತ್ತರ ಹೆಂಗಸು. ಗಾಜಿನ ಗೋಡೆಯ ಕೋಣೆ, ಗಾಜಿನ ಆಚೆ ಸಾಲು ಸಾಲು ಮೇಜುಗಳು. ನರ್ಸನ್ನು ಕಂಡ ಕ್ಷಣ ಅವರ ಕೈ ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಆಮೇಲೆ ಏನೂ ಆಗದವರಂತೆ ಕುರ್ಚಿ ತೋರಿಸಿದರು.

“ಪ್ರಮಾಣಪತ್ರ ಸಿದ್ಧ ಮಾಡಿಸ್ತೀನಿ. ನೀವೇ ಬರಬೇಕಿರಲಿಲ್ಲ.”

“ಅದರಲ್ಲಿ ಏನಂತ ಬರೆಸ್ತೀರಿ?” ಎಂದರು ಜರಡಿಯಮ್ಮ.

“ಶುಕ್ರವಾರದಿಂದ ಜಾರಿಗೆ ಬರುವಂತೆ ರಾಜೀನಾಮೆ ಅಂತ. ದಾಖಲೆಯಲ್ಲಿ ಇರೋದೇ ಅದು.”

“ದಾಖಲೆಯಲ್ಲಿ ಗುರುವಾರದ್ದೂ ಒಂದು ಸಾಲಿದೆ.”

“ಅದು ಸಣ್ಣ ತಿದ್ದುಪಡಿ. ಇಂಥವು ವಾರಕ್ಕೆ ನೂರಾರು ಇರ್ತವೆ.”

“ನೂರಾರು ಇರಲಿ. ಈ ಒಂದರಲ್ಲಿ ಬಂದ ಹೊಸ ಸಾಹೇಬರು ಯಾರು?”

ಬೀಗ ಮೇಡಂ ಎದ್ದು ಹೋಗಿ ಬಾಗಿಲು ಹಾಕಿದರು. ಗಾಜಿನ ಗೋಡೆಗೆ ಪರದೆ ಎಳೆದರು. ಹಿಂದಿರುಗಿ ಕುಳಿತಾಗಲೂ ಮುಖ ಬಿಗಿದೇ ಇತ್ತು.

“ನೀವು ಯಾರು ಅಂತ ನನಗೆ ಗೊತ್ತು,” ಎಂದರು. “ಆದ್ರೆ ನೌಕರರ ಮಾಹಿತಿ ಹೊರಗಿನವರ ಹತ್ರ ಮಾತಾಡೋ ಹಾಗಿಲ್ಲ.”

“ಮಾತಾಡಬೇಡಿ. ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಗುರುವಾರ ಆ ಗೋಪುರದಲ್ಲಿ ಒಬ್ಬ ಮನುಷ್ಯ ಉಕ್ಕಿನ ಹಗ್ಗ ಹಿಡಿದು ನೇತಾಡಿದ. ಎರಡೂ ಅಂಗೈ ಸುಲಿದು ಹೋಯ್ತು. ಬದುಕಿ ಬಂದವನು ಮೊದಲು ಬಂದಿದ್ದು ಈ ಕೋಣೆಗೆ. ನೀವು ಅವನ ಸಾಹೇಬರನ್ನ ಬದಲಾಯಿಸಿದ್ರಿ. ಮಾರನೇ ದಿನ ಅವನು ಕಾಣೆಯಾದ. ಇದನ್ನೇ ಪೊಲೀಸರು ಕೇಳಿದ್ರೆ ಅವರಿಗೆ ಮೊದಲು ಕಾಣೋದು ನಿಮ್ಮ ಹೆಸರು. ನನಗೆ ಮಾತ್ರ ಬೇರೆ ಏನೋ ಕಾಣ್ತಿದೆ.”

“ಏನು ಕಾಣ್ತಿದೆ?”

“ಹೆದರಿಕೆ. ನಿಮಗೆ ಈಕೆಯ ಮುಖ ನೋಡೋಕೆ ಆಗ್ತಿಲ್ಲ.”

ನಿಜವಾಗಿಯೂ ಆಗುತ್ತಿರಲಿಲ್ಲ. ಬೀಗ ಮೇಡಂ ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿದರು, ಮತ್ತೆ ಓರೆ ಮಾಡಿದರು.

ಆಗ ನರ್ಸ್ ಬಾಯಿ ತೆರೆದಳು. ಧ್ವನಿ ಏರಲಿಲ್ಲ.

“ಮೇಡಂ, ಊರಿನ ಒಂದು ಆಸ್ಪತ್ರೆ ಬಿಟ್ಟಿಲ್ಲ ನಾನು. ಗುರುತು ಸಿಗದ ಹೆಣ ಬಂದಿದೆ ಅಂದ ಕಡೆಯೆಲ್ಲ ಹೋಗಿ ಬಟ್ಟೆ ಸರಿಸಿ ಮುಖ ನೋಡಿ ಬಂದಿದ್ದೀನಿ. ಪ್ರತಿ ಸಲ, ದೇವರೇ ಇವರಾಗಿರಬಾರದು ಅಂತಿದ್ದೆ. ಆಮೇಲಾಮೇಲೆ, ಇವರೇ ಆಗಿದ್ರೂ ಸಾಕು, ಒಂದು ಕೊನೆ ಕಾಣಲಿ ಅನ್ನಿಸೋಕೆ ಶುರುವಾಯ್ತು. ಅದಕ್ಕೆ ನನಗೆ ನನ್ನ ಮೇಲೇ ಹೇಸಿಗೆ. ನಿಮಗೇನಾದ್ರೂ ಗೊತ್ತಿದ್ರೆ ಹೇಳಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಲಾದ್ರೂ ನನ್ನ ನೋಡಿ ಹೇಳಿ.”

ಬೀಗ ಮೇಡಂ ತಲೆಯೆತ್ತಿದರು.

“ಬದುಕಿದ್ದಾರೆ,” ಎಂದರು. “ಚೆನ್ನಾಗಿದ್ದಾರೆ.”

ನರ್ಸಿನ ಕೈ ಬಾಯಿಗೆ ಹೋಯಿತು, ಅಲ್ಲೇ ನಿಂತಿತು. ಮೈದುನ ತನ್ನ ಕುರ್ಚಿ ಬಿಟ್ಟು ಎದ್ದು ಹೋಗಿ, ಮೂಲೆಯ ನೀರಿನ ಯಂತ್ರದಿಂದ ಲೋಟ ತುಂಬಿ ತಂದು ಅವಳ ಮುಂದಿಟ್ಟ. ಒಂದು ತಮಾಷೆಯ ಮಾತೂ ಅವನಿಗೆ ಹೊಳೆಯಲಿಲ್ಲ.

*

ಬೀಗ ತೆರೆದುಕೊಂಡ ಮೇಲೆ ಮಾತು ನಿಲ್ಲಲಿಲ್ಲ.

ಹೊಸ ಹೆರಿಗೆ ಆಸ್ಪತ್ರೆಗೆ ಹೋಗಬೇಕಾದ ಲಿಫ್ಟುಗಳ ಬ್ರೇಕು ಬಿಸಿಯಾದಾಗ ಜಾರುತ್ತಿತ್ತು. ಬ್ರೇಕಣ್ಣ ಅವನ್ನು ಪಾಸು ಮಾಡಲಿಲ್ಲ. ಜನರಲ್ ಮ್ಯಾನೇಜರು ಕರೆದು ಮೊದಲು ನಯವಾಗಿ ಹೇಳಿದರು, ಆಮೇಲೆ ಗದರಿದರು. ‘ಬಸುರಿ ಹೆಂಗಸರು ಹತ್ತೋ ಲಿಫ್ಟು ಸಾರ್, ನನ್ನ ಕೈಲಾಗಲ್ಲ’ ಎಂದು ಅವನು ಹೊರಬಂದ. ಅದೇ ಗುರುವಾರ ಸಂಜೆ ಗೋಪುರದ ಮೇಲಂತಸ್ತಿನಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ದೀಪವಿರಲಿಲ್ಲ. ಲಿಫ್ಟು ಇದೆ ಎಂದುಕೊಂಡು ಕಾಲಿಟ್ಟವನಿಗೆ ಸಿಕ್ಕಿದ್ದು ಬರೀ ಗಾಳಿ ಮತ್ತು ಒಂದು ಹಗ್ಗ.

“ಆ ಬಾಗಿಲು ತಾನಾಗೇ ತೆರೆಯಲ್ಲ ಅಲ್ವಾ?” ಎಂದರು ಜರಡಿಯಮ್ಮ.

“ಇಲ್ಲ. ಲಿಫ್ಟು ಇಲ್ಲದಾಗ ತೆರೀಬೇಕಂದ್ರೆ ಕೀಲಿ ಬೇಕು. ಒಂದು ಬ್ರೇಕಣ್ಣನವರ ಹತ್ರ ಇತ್ತು, ಒಂದು ಜಿಎಂ ಹತ್ರ. ಇನ್ನೊಂದು ರವಾನೆ ವಿಭಾಗದಲ್ಲಿ.”

“ಅಲ್ಲಿ ಹತ್ತಾರು ಜನ ಓಡಾಡ್ತಾರೆ,” ಎಂದಳು ನರ್ಸ್ ತಟ್ಟನೆ. ಅವಳ ಅಣ್ಣನ ಹೆಸರು ಯಾರೂ ಎತ್ತಿರಲಿಲ್ಲ.

“ಆಮೇಲೆ?”

“ಬೆಟ್ಟದ ಮೇಲಿನ ಊರಲ್ಲಿ ನಮ್ಮದೊಂದು ಸಣ್ಣ ರಿಪೇರಿ ಡಿಪೋ ಇದೆ. ಅದರ ಮುಖ್ಯಸ್ಥರು ನನ್ನ ಸೋದರಮಾವ. ಗುರುವಾರದ ಸಾಲಲ್ಲಿರೋ ಸಂಖ್ಯೆ ಅವರದ್ದು. ಶುಕ್ರವಾರ ಬೆಳಿಗ್ಗೆ ಡಿಪೋ ವ್ಯಾನಿನಲ್ಲೇ ನಿಮ್ಮ ಯಜಮಾನರನ್ನ ಕಳಿಸಿದೆ. ಲೆಕ್ಕಕ್ಕೆ ಅವರು ಮಾವನ ಕೈಕೆಳಗಿನ ನೌಕರ. ಯಾರಾದ್ರೂ ಹುಡುಕಿದ್ರೆ ಇಲ್ಲಿ ಸಿಗಬಾರದು, ಅಷ್ಟೇ ನನ್ನ ಯೋಚನೆ. ಸೋಮವಾರ ಬಂದು ನೋಡಿದ್ರೆ ಅದರ ಮೇಲೆ ರಾಜೀನಾಮೆಯ ಸಾಲು ಕೂತಿತ್ತು. ಸೋಮವಾರ ನಮೂದಿಸಿ, ಶುಕ್ರವಾರದಿಂದ ಜಾರಿ ಅಂತ ಹಾಕಿದ್ರು. ಜಿಎಂ ಕಚೇರಿಯಿಂದ.”

“ನನಗೊಂದು ಮಾತು ಹೇಳಬಹುದಿತ್ತು,” ಎಂದಳು ನರ್ಸ್.

“ಹುಡುಕೋರು ನಿಮ್ಮ ಹತ್ರವೇ ಮೊದಲು ಬರ್ತಾರೆ ಅಂತ ನಿಮ್ಮವರೇ ಹೇಳಿದ್ರು. ‘ಅವಳಿಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ, ಗೊತ್ತಿಲ್ಲದೇ ಇದ್ರೇನೇ ಅವಳು ಕ್ಷೇಮ’ ಅಂದ್ರು. ದಿನಾ ಬೆಳಿಗ್ಗೆ ನಾನು ಮಾವನಿಗೆ ಫೋನ್ ಮಾಡಿ, ಗಿಡ ಹೇಗಿದೆ ಅಂತ ಕೇಳ್ತೀನಿ. ಬಾಡಿಲ್ಲ ಅಂತಾರೆ. ಮೊನ್ನೆ, ಸ್ವಲ್ಪ ಚಿಗುರಿದೆ ಕಣೇ, ಊಟ ಕೇಳಿ ಹಾಕಿಸ್ಕೊಳ್ತಿದೆ ಅಂದ್ರು.”

ನರ್ಸಿಗೆ ಅಳು ಬಂತು, ಅದರ ಬೆನ್ನಿಗೇ ನಗು. “ಊಟಕ್ಕೆ ಮಾತ್ರ ಅವರು ಯಾವತ್ತೂ ಬಾಡಿದವರಲ್ಲ,” ಎಂದು ಕಣ್ಣೊರೆಸಿಕೊಂಡಳು.

ಜರಡಿಯಮ್ಮ ನಗಲಿಲ್ಲ. “ಸೋಮವಾರ ಆದ ಮೇಲೆ ಅವನ ದಾಖಲೆ ನೀವು ತೆರೆದು ನೋಡಿದ್ದೀರಾ?”

“ಇಲ್ಲ. ಯಾರು ಯಾವಾಗ ತೆರೆದ್ರು ಅನ್ನೋದನ್ನೂ ಸಾಫ್ಟ್‌ವೇರ್ ಬರೆದಿಟ್ಟುಕೊಳ್ಳುತ್ತೆ. ಪದೇ ಪದೇ ನೋಡಿದ್ರೆ ಅನುಮಾನ ಬರುತ್ತೆ.”

“ಗಂಡನ ಪ್ರಮಾಣಪತ್ರ ಕೇಳಿ ಹೆಂಡತಿ ಎದುರಿಗೆ ಕೂತಿದ್ದಾಳೆ. ಇವತ್ತು ತೆರೆಯೋಕೆ ನೆಪ ಇದೆ. ತೆರೀರಿ.”

ಬೀಗ ಮೇಡಂ ಸಂಖ್ಯೆ ಒತ್ತಿದರು. ಪರದೆಯ ಮೇಲೆ ಬ್ರೇಕಣ್ಣನ ಚಿತ್ರ ಮೂಡಿತು. ದುಂಡು ಮುಖ, ಚಿತ್ರ ತೆಗೆಯುವವನಿಗೆ ಏನೋ ಹೇಳಲು ಹೊರಟಂತಿದ್ದ ತುಟಿ. ಅದರ ಕೆಳಗೆ ಸಾಲುಗಳು.

ರಾಜೀನಾಮೆ ಈಗ ಮೇಲಿನ ಸಾಲಾಗಿರಲಿಲ್ಲ.

“ಇದೇನಿದು?” ಎಂದರು ಬೀಗ ಮೇಡಂ. “ಮರುನೇಮಕ ಅಂತಿದೆ. ನಾಳೆಯಿಂದ ಜಾರಿ, ಅದಕ್ಕೇ ನೌಕರರ ಫೋನಿಗೆ ಇನ್ನೂ ಬಂದಿಲ್ಲ.”

“ಅಂದ್ರೆ ಕೆಲಸಕ್ಕೆ ವಾಪಸ್ ತಗೊಂಡಿದ್ದಾರಾ?” ನರ್ಸ್ ಮುಂದಕ್ಕೆ ಬಾಗಿದಳು. “ಅವರು ಬರಬಹುದಾ ಹಾಗಾದ್ರೆ?”

“ಯಾರು ಬರೆದದ್ದು?” ಎಂದರು ಜರಡಿಯಮ್ಮ.

“ಜಿಎಂ ಕಚೇರಿ. ಇವತ್ತು ಬೆಳಿಗ್ಗೆ. ಹುದ್ದೆ ಹಿರಿಯ ಪರೀಕ್ಷಕ. ಬ್ರೇಕ್ ಪಾಸು ಮಾಡೋ ಅಧಿಕಾರವನ್ನೂ ಕೊಟ್ಟಿದ್ದಾರೆ.”

“ಗೆದ್ದೆವು ಅನ್ನಿ,” ಎಂದ ಮೈದುನ.

“ತಡಿಯಪ್ಪ. ಹೊರಗೆ ಹಾಕಿದವರೇ ಆರತಿ ಹಿಡಿದು ಕರೀತಿದ್ದಾರೆ ಅಂದ್ರೆ ತಟ್ಟೆಯಲ್ಲಿ ಏನಿದೆ ನೋಡಬೇಕು.” ಜರಡಿಯಮ್ಮ ಬೀಗ ಮೇಡಂ ಕಡೆ ತಿರುಗಿದರು. “ನಾಳೆ ಇಲ್ಲಿ ಏನು ವಿಶೇಷ?”

ಬೀಗ ಮೇಡಂ ಮುಖದಲ್ಲಿ ಆಗಲೇ ಉತ್ತರವಿತ್ತು. “ಹೆರಿಗೆ ಆಸ್ಪತ್ರೆಯ ಇಂಜಿನಿಯರುಗಳು ಬರ್ತಾರೆ. ಅವರ ಎದುರಿಗೆ ಲಿಫ್ಟುಗಳನ್ನ ಪಾಸು ಮಾಡಿ ಕಳಿಸಬೇಕು. ಪರೀಕ್ಷಾ ಯಂತ್ರ ಹಿರಿಯ ಪರೀಕ್ಷಕನ ಹೆಬ್ಬೆರಳಿಟ್ಟರೆ ಮಾತ್ರ ‘ಪಾಸು’ ಅನ್ನುತ್ತೆ. ಕಂಪನಿಯಲ್ಲಿ ಆ ಅರ್ಹತೆ ಇರೋದು ಅವರೊಬ್ಬರಿಗೇ. ರಾಜೀನಾಮೆ ಕೊಟ್ಟವರ ಬೆರಳನ್ನ ಯಂತ್ರ ಒಪ್ಪಲ್ಲ. ನೌಕರ ಅಂತ ಇರಲೇಬೇಕು.”

“ಅವನಿಗೆ ಕೆಲಸ ವಾಪಸ್ ಕೊಟ್ಟಿಲ್ಲ. ಹೆಬ್ಬೆರಳಿಗೆ ಕೊಟ್ಟಿದ್ದಾರೆ.”

ಮೈದುನ ಗಂಟಲು ಸರಿಮಾಡಿಕೊಂಡ. “ಅತ್ತಿಗೆ, ಬರೀ ಹೆಬ್ಬೆರಳೇ ಸಾಕು ಅಂತ ಯಾರಿಗಾದ್ರೂ...”

ನರ್ಸಿನ ಮುಖ ಕಂಡು ಅವನು ಅಲ್ಲಿಗೇ ನಿಲ್ಲಿಸಿದ.

“ಆ ಯಂತ್ರ ತಣ್ಣಗಿರೋ ಬೆರಳನ್ನ ತಗೊಳ್ಳಲ್ಲ,” ಎಂದರು ಬೀಗ ಮೇಡಂ ಬೇಗನೆ. “ಚಳಿಯಲ್ಲಿ ಅವರೇ ಕೈ ಉಜ್ಜಿ ಉಜ್ಜಿ ಇಡ್ತಿದ್ರು.”

“ಕೇಳಿದ್ಯೇನಮ್ಮ?” ಜರಡಿಯಮ್ಮ ನರ್ಸಿನ ಭುಜ ಹಿಡಿದರು. “ಈ ಸಾಲು ಬರೆದವರಿಗೆ ನಿನ್ನ ಗಂಡ ಜೀವಂತವಾಗಿ, ಬೆಚ್ಚಗೆ, ತನ್ನ ಕಾಲ ಮೇಲೆ ನಡೆದು ಬರಬೇಕು. ಅವನ ಕೂದಲು ಕೊಂಕೋಕೂ ಅವರು ಬಿಡಲ್ಲ, ನಾಳೆವರೆಗೆ. ನಾಳೆಯ ಒಳಗೆ ನಾವು ಅವನನ್ನ ತಲುಪಿದ್ರೆ ಆಯ್ತು. ಅವನೇ ಬಂದು ಆ ಇಂಜಿನಿಯರುಗಳ ಮುಂದೆ ನಿಂತು, ಈ ಬ್ರೇಕು ಹಿಡಿಯಲ್ಲ ಅಂತ ಹೇಳಿದ್ರೆ ಇನ್ನೂ ಒಳ್ಳೇದಾಯ್ತು. ಆಗ ಅವನನ್ನ ಬಚ್ಚಿಡೋ ಅಗತ್ಯವೇ ಇರಲ್ಲ.”

“ಹೇಳ್ತಾರೆ,” ಎಂದಳು ನರ್ಸ್. “ಹೇಳದೇ ಇರೋಕೆ ಅವರಿಗೆ ಬರಲ್ಲ.”

“ಅವನು ಎಲ್ಲಿದ್ದಾನೆ ಅಂತ ಜಿಎಂಗೆ ತಿಳಿದಿರಬಹುದಾ?” ಎಂದರು ಜರಡಿಯಮ್ಮ.

ಬೀಗ ಮೇಡಂ ಗುರುವಾರದ ಸಾಲನ್ನೇ ದಿಟ್ಟಿಸಿದರು. “ನೀವು ಕಂಡುಹಿಡಿದ ಹಾಗೆ ಅವರೂ ಕಂಡುಹಿಡಿದಿದ್ರೆ... ಸಂಖ್ಯೆ ಹಾಕಿ ಹುಡುಕಿದ್ರೆ ಮಾವನ ಹೆಸರು ಬರುತ್ತೆ.”

“ಫೋನ್ ಮಾಡಿ. ಗಿಡದ ಮಾತು ಬೇಡ.”

*

ಬೀಗ ಮೇಡಂ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮಧ್ಯೆ ಇಟ್ಟರು. ಬಹಳ ಹೊತ್ತು ರಿಂಗಾಯಿತು.

“ಏನೇ ಪುಟ್ಟಿ, ಇವತ್ತು ಎರಡನೇ ಸಲ?” ವಯಸ್ಸಾದ, ಉಲ್ಲಾಸದ ಧ್ವನಿ.

“ಮಾವ, ಅವರಿಗೆ ಫೋನ್ ಕೊಡಿ. ಬೇಗ.”

“ಹೊರಟು ನಿಂತಿದ್ದಾನಲ್ಲೇ. ಇರು, ದಾರಿಗಿರಲಿ ಅಂತ ಈ ಫೋನನ್ನೂ ಅವನಿಗೇ ಕೊಟ್ಟುಬಿಡ್ತೀನಿ.”

‘ಹೊರಟು’ ಎಂಬ ಮಾತು ಕೇಳಿ ಜರಡಿಯಮ್ಮನ ಹುಬ್ಬು ಗಂಟಾಯಿತು. ಅವರು ಏನಾದರೂ ಹೇಳುವಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಧ್ವನಿ ಬಂತು.

“ಹಲೋ, ಮೇಡಂ?”

“ರೀ,” ಎಂದಳು ನರ್ಸ್.

ಆ ಕಡೆ ಕಾರಿನ ಬಾಗಿಲು ಹಾಕಿದ ಸದ್ದು.

“ನೀನಾ,” ಎಂದ ಬ್ರೇಕಣ್ಣ. “ನೀನು ಹೇಗಿದ್ದೀಯೇ?”

“ಕೈ ವಾಸಿಯಾಯ್ತಾ?”

ಇಷ್ಟು ದಿನ ಕೇಳಬೇಕೆಂದು ಕೂಡಿಟ್ಟಿದ್ದ ನೂರು ಮಾತುಗಳಲ್ಲಿ ಅವಳ ಬಾಯಿಗೆ ಬಂದದ್ದು ಇದೊಂದೇ.

“ಒಣಗಿದೆ. ನೀನು ಕಟ್ಟಿದ ಪಟ್ಟಿ ಬಿಚ್ಚೋಕೆ ಮನಸ್ಸಾಗಲಿಲ್ಲ. ಇಲ್ಲಿನ ತಾತ ಬೈದು ಬಿಚ್ಚಿಸಿದ್ರು. ನನ್ನ ಮೇಲೆ ಸಿಟ್ಟಿದೆಯಾ?”

“ಬೆಟ್ಟದಷ್ಟಿದೆ. ಎದುರಿಗೆ ಬನ್ನಿ, ತೋರಿಸ್ತೀನಿ.”

“ಸಂಜೆ ಮನೆಯಲ್ಲೇ ತೋರಿಸು. ಹೊರಟೇ ಬಿಟ್ವಿ, ಕಾರಿನಲ್ಲಿ ಕೂತಿದ್ದೀನಿ. ನಿಮ್ಮಣ್ಣನ್ನ ಕಳಿಸಿದ್ದು ಒಳ್ಳೇದಾಯ್ತು. ಇನ್ನು ಇಲ್ಲಿ ಕೂತು ಕೂತು ನಾನೇ ತುಕ್ಕು ಹಿಡೀತಿದ್ದೆ.”

ನರ್ಸ್ ಮೆಲ್ಲನೆ ತಲೆಯೆತ್ತಿ ಜರಡಿಯಮ್ಮನನ್ನು ನೋಡಿದಳು. ಅವಳ ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತುಟಿಯಲ್ಲೇ ಉಳಿದಿತ್ತು.

“ನಾನು ಅಣ್ಣನ ಹತ್ರ ಏನೂ ಹೇಳಿಲ್ಲ,” ಎಂದಳು. “ನನಗೇ ಈಗ ತಾನೇ ಗೊತ್ತಾಗಿದ್ದು.”

ಜರಡಿಯಮ್ಮ ಫೋನಿಗೆ ಬಾಗಿದರು. “ಕಾರು ನಿಲ್ಲಿಸೋಕೆ ಹೇಳು ಮ—”

“ಯಾರ ಜೊತೆ ಮಾತು ಭಾವ? ಇಲ್ಲಿ ಕೊಡಿ.”

ಅಣ್ಣನ ಧ್ವನಿ. ಅದರ ಹಿಂದೆ ಇಂಜಿನ್ನಿನ ಸದ್ದು, ಇಳಿಜಾರಿನಲ್ಲಿ ಗೇರು ಬದಲಾದ ಸದ್ದು.

“ತಂಗೀ, ನಿನ್ನ ಪಕ್ಕ ಆ ಹುಡುಕೋ ಅಮ್ಮ ಇದ್ದಾರಾ?”

“ಇದ್ದೀನಪ್ಪ,” ಎಂದರು ಜರಡಿಯಮ್ಮ.

“ಜಿಎಂ ಸಾಹೇಬ್ರು ಇವತ್ತು ಬೆಳಿಗ್ಗೆ ಕರೆದು, ಭಾವ ಇರೋ ಜಾಗ ಹೇಳಿ, ಕರ್ಕೊಂಡು ಬಾ ಅಂತ ಕಳಿಸಿದ್ದು ನಿಜ. ಪೊಲೀಸರ ಹತ್ರ ನಾನು ಸುಳ್ಳು ಹೇಳಿದ್ದೂ ನಿಜ. ಯಾಕೆ ಅಂತ ತಂಗಿ ಎದುರಿಗೆ ನಿಂತು ಹೇಳ್ತೀನಿ, ಅವಳು ಹೊಡೆದ್ರೆ ಹೊಡೆಸ್ಕೊಳ್ತೀನಿ. ಆದ್ರೆ ಭಾವನ್ನ ಕಾರ್ಖಾನೆಗೆ ತರಲ್ಲ. ನಾಳೆ ಇಂಜಿನಿಯರುಗಳು ಬರೋ ಹೊತ್ತಿಗೆ ಇವರು ಅವರ ಎದುರಿಗೇ ಇರ್ತಾರೆ. ಅಲ್ಲಿವರೆಗೆ ಎಲ್ಲಿ ಅಂತ ಈ ಫೋನಲ್ಲಿ ಹೇಳಲ್ಲ.”

“ಅಣ್ಣಾ,” ಎಂದಳು ನರ್ಸ್.

“ಯಾಕಪ್ಪ ಹೇಳಲ್ಲ?” ಎಂದರು ಜರಡಿಯಮ್ಮ. “ಇಲ್ಲಿ ಕೇಳಿಸ್ಕೊಳ್ತಿರೋರೆಲ್ಲ ಅವನ ಹಿತ ಬಯಸೋರೇ.”

“ಎಲ್ಲರೂನಾ? ಇದು ಎಚ್‌ಆರ್ ಮೇಡಂ ಫೋನು ಅಲ್ವಾ?” ಅಣ್ಣನ ಧ್ವನಿ ತಗ್ಗಿತು. “ಅವರನ್ನೇ ಒಂದು ಮಾತು ಕೇಳಿ ಅಮ್ಮ. ಗುರುವಾರ ಮಧ್ಯಾಹ್ನ ಗೋಪುರದ ಬಾಗಿಲ ಕೀಲಿ ನನ್ನ ವಿಭಾಗದಿಂದ ಇಸ್ಕೊಂಡು ಹೋದೋರು ಯಾರು ಅಂತ.”

ಫೋನು ಕಟ್ಟಾಯಿತು.

ಪರದೆ ಎಳೆದ ಗಾಜಿನ ಆಚೆ ಯಾರದೋ ಕುರ್ಚಿ ಸರಿದ ಸದ್ದು ಕೇಳಿತು. ಮೈದುನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ನರ್ಸ್ ಎದುರಿಗೆ ಕುಳಿತಿದ್ದವರ ಕಡೆ ತಿರುಗಿದಳು. ತನ್ನ ಗಂಡ ಬದುಕಿದ್ದಾನೆ ಎಂದು ಹೇಳಿದ ಬಾಯನ್ನೇ ನೋಡಿದಳು.

ಬೀಗ ಮೇಡಂ ಈ ಸಲ ಕಣ್ಣು ತಪ್ಪಿಸಲಿಲ್ಲ.

“ಹೌದು,” ಎಂದರು. “ನಾನೇ ಇಸ್ಕೊಂಡೆ.”